ತೆಲುಗಿಗೊಂದು ಬಳಸುದಾರಿ



ಭೀಮಕವಿಯು ಕ್ರಿ.ಶ. 1369ರಲ್ಲಿ ರಚಿಸಿದ ‘ಬಸವಪುರಾಣ’ಕ್ಕೆ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’ ಆಧಾರವೆಂಬುದು ತಮಗೆ ತಿಳಿದ ವಿಷಯವೇ. ಆ ದ್ವಿಪದಿ ಕಾವ್ಯವನ್ನು ಮೂಲದಲ್ಲಿಯೇ ಓದಬೇಕೆಂಬ ಹಂಬಲವು ನಿವೃತ್ತಿಯ ನಂತರ ನನ್ನಲ್ಲಿ ಬಲವಾಯಿತು. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಭೀಮನಬೀಡಿಗೆ ತಮಿಳುನಾಡು, ಕೇರಳಗಳ ಗಡಿ ಸಮೀಪ; ತೆಲುಗು ನಾಡು ದೂರ. ಲಿಪಿಯೇನೋ ನಮ್ಮ ಲಿಪಿಯ ಸೋದರಿ. ಕೆಲವೇ ವಾರಗಳಲ್ಲಿ ಕೈವಶವಾಯಿತು. ಆದರೆ ಪ್ರೌಢಕಾವ್ಯದ ಪದಸಂಪತ್ತನ್ನು ತಿಳಿಸಿಕೊಡುವವರು ದೊರೆಯಲಿಲ್ಲ. ದೊರೆತದ್ದು ಸಿ. ಪಿ. ಬ್ರೌನನು 1852ರಲ್ಲಿ ಪ್ರಕಟಿಸಿದ ನಿಘಂಟು. ಅದರ ಅರ್ಥವಿವರಣೆಯೆಲ್ಲ ಇಂಗ್ಲಿಷಿನಲ್ಲಿ.

“ಪಕ್ಕದ ಮನೆಯ ಅಕ್ಕನನ್ನು ಮಾತನಾಡಿಸಲು ಪರದೇಶದ ದುಭಾಷಿಯೇಕೆ?” ಎಂದು ಮಿತ್ರರು ಕೇಳಿದರು. ಪ್ರಶ್ನೆ ಸಹಜವಾದುದೇ. ಆದರೆ ನೆರೆಯ ನುಡಿಯಲ್ಲಿ ಪರಿಚಿತವೆನಿಸುವ ಶಬ್ದವೇ ನಮ್ಮನ್ನು ಹೆಚ್ಚು ವಂಚಿಸುತ್ತದೆ. ನಮ್ಮ ‘ಅವಸರ’ ತ್ವರೆ. ತೆಲುಗರ ‘ಅವಸರಮು’ ಅಗತ್ಯ. ‘ಪಾಲು’ ಎಂದೊಡನೆ ನಮಗೆ ಭಾಗವು ನೆನಪಾಗುತ್ತದೆ. ತೆಲುಗಿನಲ್ಲಿ ಅದು ಹಾಲೂ ಹೌದು. ಇಂತಹ ಕಡೆ ಇಂಗ್ಲಿಷಿನ ಅರ್ಥವು ನಿಷ್ಪಕ್ಷಪಾತಿಯಾದ ಸಾಕ್ಷಿಯಂತೆ ನಿಂತು ನಮ್ಮನ್ನು ಎಚ್ಚರಿಸುತ್ತದೆ.

ಅರ್ಥ ತಿಳಿದ ಮೇಲೆ ಬಾಂಧವ್ಯವೂ ಗೋಚರಿಸುತ್ತದೆ. ‘ವೆನ್ನೆಲ’ವನ್ನು ಕನ್ನಡಿಗನು ಬಿಳಿಯ ನೆಲವೆಂದು ಭಾವಿಸಬಹುದು. ಅದು ಬೆಳದಿಂಗಳೆಂದು ನಿಘಂಟು ತಿಳಿಸಿತು. ‘ವೆನ್ನ’ ನಮ್ಮ ಬೆಣ್ಣೆಯಾದಂತೆ ಇಲ್ಲಿಯ ‘ವೆನ್’ ನಮ್ಮ ‘ಬೆಳ್’. ‘ನೆಲ’ ಎಂದರೆ ಅವರಿಗೆ ತಿಂಗಳು. ಎರಡು ನುಡಿಗಳೂ ಒಂದೇ ಬಗೆಯಲ್ಲಿ ಆ ಪದವನ್ನು ಕಟ್ಟಿವೆ! ಹೀಗೆಯೇ ‘ಚೆವಿ’ ಕಿವಿ, ‘ಚೆರುವು’ ಕೆರೆ, ‘ಪುಲಿ’ ಹುಲಿ. ಬರೋ ಮತ್ತು ಎಮೆನೋ ವಿದ್ವಾಂಸರ ದ್ರಾವಿಡ ಜ್ಞಾತಿಪದಕೋಶವು (1961, ಪರಿಷ್ಕೃತ ಆವೃತ್ತಿ 1984) ಇಂತಹ ಬಂಧುಪದಗಳನ್ನು ಒಂದೆಡೆ ಕಲೆಹಾಕಿದೆ, ಅದರ ಅರ್ಥಗಳೂ ಇಂಗ್ಲಿಷಿನಲ್ಲಿಯೇ ಇವೆ. ಅಷ್ಟೇಕೆ, ನಮ್ಮ ಹಳಗನ್ನಡದ ಕಠಿಣಪದಕ್ಕೆ ನಾವು ತೆರೆಯುವ ಕಿಟ್ಟೆಲ್ ನಿಘಂಟು (1894) ಕೂಡ ಕನ್ನಡದ ಅರ್ಥವನ್ನು ಇಂಗ್ಲಿಷಿನಲ್ಲಿಯೇ ಹೇಳುತ್ತದೆ.

ಆದರೆ ಈ ದಾರಿಗೊಂದು ಎಲ್ಲೆಯುಂಟು. ಬ್ರೌನನು ಜಂಗಮರ ಆಚಾರ, ಸಾಹಿತ್ಯಗಳನ್ನು ಕುರಿತು 1840ರಲ್ಲಿಯೇ ಲೇಖನ ಬರೆದ ಶ್ರಮಶೀಲ. ಆದರೂ ‘ಪ್ರಸಾದ’ವೆಂಬ ಒಂದು ಮಾತಿನಲ್ಲಿ ಅಡಗಿರುವ ಅನುಗ್ರಹ, ಪ್ರಸನ್ನತೆ, ಅರ್ಪಿತವಾದ ಅನ್ನ ಇವೆಲ್ಲವನ್ನೂ ಹೊರಬಲ್ಲ ಒಂದು ಶಬ್ದ ಇಂಗ್ಲಿಷಿನಲ್ಲಿಲ್ಲ. ಇಂತಹ ಪದಗಳನ್ನು ನಮ್ಮ ಅನುಭಾವದ ಬೆಳಕಿನಲ್ಲಿಯೇ ಓದಬೇಕು. ಬಂಧುಪದಗಳಿಗೆ ಕನ್ನಡವೇ ಕೈದೀವಿಗೆ. ಶಂಕೆ ಮೂಡಿದಲ್ಲಿ ಮತ್ತು ಅಪರಿಚಿತವಾದ ದೇಶೀಪದಗಳಲ್ಲಿ ಮಾತ್ರ ಇಂಗ್ಲಿಷಿನ ನೆರವು. ಇದು ನಾನು ಕಂಡುಕೊಂಡ ಕ್ರಮ. ದಿನಕ್ಕೆ ಹತ್ತು ದ್ವಿಪದಿಗಳಿಗಿಂತ ಮುಂದೆ ಸಾಗುವುದಿಲ್ಲ. ಆದರೆ ಸಾಗಿದಷ್ಟೂ ನನ್ನದಾಗುತ್ತದೆ.

ಸೋಮನಾಥನು ಸಂಸ್ಕೃತಭೂಯಿಷ್ಠವಾದ ಶೈಲಿಯನ್ನು ಬಿಟ್ಟು ಜನರಿಗೆ ತಿಳಿಯುವ ‘ಜಾನು ತೆನುಗ’ನ್ನು ಆರಿಸಿಕೊಂಡನು. ಎಲ್ಲರಿಗಾಗಿ ಬರೆದ ಕಾವ್ಯವು ನೆರೆಯವರಾದ ನಮಗೆ ಮುಚ್ಚಿದ ಪುಸ್ತಕವಾಗಿ ಉಳಿಯಬಾರದು. ಬಾಗಿಲಿನ ಕೀಲಿಕೈ ಎಲ್ಲಿ ತಯಾರಾಯಿತೆಂದು ವಿಚಾರಿಸುತ್ತ ಹೊರಗೆ ನಿಲ್ಲುವುದಕ್ಕಿಂತ ತೆರೆದು ಒಳಹೋಗುವುದು ಮೇಲು. ಶ್ರೀಮಠದಲ್ಲಿ ಓದಿ ಅಕ್ಷರ ಕಲಿತ ತಮ್ಮಲ್ಲಿ ಕೆಲವರಾದರೂ ಈ ಕಾರ್ಯಕ್ಕೆ ಮನಸ್ಸು ಮಾಡಬೇಕೆಂಬುದೇ ನನ್ನ ಬಿನ್ನಹ.