ಪಂಕ್ತಿಯಲ್ಲಿ ಪೌಲ

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆ ದಿನಗಳಲ್ಲಿ ನಮ್ಮ ಕಡೆ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ಎಲ್ಲೆಲ್ಲೂ ಒಂದೇ ಮಾತು: ಸಮ್ಮೇಳನದ ಊಟಕ್ಕೆ ಬಾಡು ಇರಬೇಕೋ ಬೇಡವೋ. ಹೊಟ್ಟೆಪಾಡಿನ ಜಗಳ ಅಂತ ಕೆಲವರು ಅದನ್ನು ತಳ್ಳಿಹಾಕಿದರು. ನನಗೆ ಹಾಗನ್ನಿಸಲಿಲ್ಲ. ಎಲೆಯ ಮೇಲೆ ಏನು ಬಡಿಸುತ್ತಾರೆ ಅನ್ನುವುದರಲ್ಲಿ ಯಾರ ಮನೆಯ ಊಟ ಊಟ ಅನ್ನಿಸಿಕೊಳ್ಳುತ್ತದೆ ಅನ್ನುವ ಮಾತು ಸೇರಿದೆ. ಅದು ಮಾನದ ಪ್ರಶ್ನೆ.

ಆ ವಾರ ಮಂಡ್ಯದಿಂದ ಮದ್ದೂರು ಬಳಸಿ ಮಳವಳ್ಳಿಗೆ ಬರುವ ಬಸ್ಸಿನಲ್ಲಿ ನಾನು ಓದುತ್ತಿದ್ದದ್ದು ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆ. ಹದಿನಾಲ್ಕನೇ ಅಧ್ಯಾಯಕ್ಕೆ ಬಂದಾಗ ಪುಸ್ತಕ ಮಡಿಚಿ ಸುಮ್ಮನೆ ಕೂತೆ. ರೋಮಿನ ಆ ಸಣ್ಣ ಕೂಟದಲ್ಲಿ ಕೆಲವರು ಸೊಪ್ಪುಸದೆ ಮಾತ್ರ ತಿನ್ನುವವರು, ಕೆಲವರು ಎಲ್ಲವನ್ನೂ ತಿನ್ನುವವರು. ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅನ್ನುವುದು ಪೌಲನ ಮಾತಿನ ಸಾರ. ಸುಮಾರು ಕ್ರಿ.ಶ. 57ರಲ್ಲಿ ಬರೆದ ಕಾಗದ ನಮ್ಮ ಮಂಡ್ಯಕ್ಕೇ ಬರೆದಂತಿತ್ತು.

ನಾನು ಕ್ರೈಸ್ತನಲ್ಲ. ನಮ್ಮದು ಮಂಟೇಸ್ವಾಮಿ ಒಕ್ಕಲು. ಮಂಡ್ಯದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯ ನರ್ಸಮ್ಮ ನಿವೃತ್ತಿಯಾಗಿ ಊರಿಗೆ ಹೊರಟ ದಿನ ತಮ್ಮ ಹಳೆಯ ಕನ್ನಡ ಬೈಬಲ್ ಕೈಗಿಟ್ಟರು. "ತಗಳಪ್ಪ, ಓದು. ಪೌಲಂದು ಮಾತ್ರ ನಿಧಾನಕ್ಕೆ ಓದು, ಅವ್ನು ಬಿರ್ರನೆ ಸಿಕ್ಕಕ್ಕಿಲ್ಲ" ಅಂದರು. ಆ ಮಾತು ನಿಜವಾಯಿತು. ಇಷ್ಟು ವರ್ಷವಾದ ಮೇಲೆ ಅವನು ಒಂಚೂರು ಸಿಕ್ಕಿದ್ದಾನೆ ಅನ್ನಿಸುತ್ತಿದೆ. ಸಿಕ್ಕಿದ್ದು ನಮ್ಮೂರಿನ ದಾರಿಯಲ್ಲೇ.

ಪೌಲ ತಾರ್ಸದ ಯೆಹೂದ್ಯ, ಫರಿಸಾಯ ಪಂಥದವನು. ಗುರು ಗಮಲಿಯೇಲನ ಬಳಿ ಕಲಿತವನೆಂದೂ ಗುಡಾರ ಹೊಲಿಯುವುದು ಕಸುಬೆಂದೂ 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ಅವನ ಹೆಸರಿನ ಪತ್ರಿಕೆಗಳಲ್ಲಿ ಏಳನ್ನು ಅವನೇ ಬರೆದದ್ದೆಂದು ವಿದ್ವಾಂಸರು ಹೆಚ್ಚುಕಡಿಮೆ ಒಪ್ಪಿದ್ದಾರೆ. ಅವು ನಾಲ್ಕು ಸುವಾರ್ತೆಗಳಿಗಿಂತ ಹಳೆಯವು. ಆದರೆ ಶತಮಾನಗಳ ಕಾಲ ಯೂರೋಪಿನವರು ಆ ಪತ್ರಿಕೆಗಳನ್ನು ಓದಿದ್ದು ಒಂಟಿ ಮನುಷ್ಯನೊಬ್ಬನ ಪಾಪಭೀತಿಯ ಕಥೆಯಾಗಿ: ಯೆಹೂದ್ಯರು ನೇಮ ಪಾಲಿಸಿ ಪುಣ್ಯ ಗಳಿಸಿ ದೇವರ ಕೃಪೆ ಕೊಳ್ಳಲು ಹೊರಟವರು, ಪೌಲ ಆ ಲೆಕ್ಕಾಚಾರವನ್ನು ಮುರಿದು ನಂಬಿಕೆಯೊಂದೇ ಸಾಕು ಅಂದ. 1963ರಲ್ಲಿ ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ ಒಂದು ಪ್ರಬಂಧ ಬರೆದು, ಈ ನರಳುವ ಅಂತಃಸಾಕ್ಷಿ ಪೌಲನದಲ್ಲ, ಅಗಸ್ಟೀನ್ ಮತ್ತು ಲೂಥರನದು ಅಂದರು. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಆ ಕಾಲದ ಯೆಹೂದ್ಯ ಗ್ರಂಥಗಳನ್ನೆಲ್ಲ ಜಾಲಾಡಿ ಒಂದು ದಪ್ಪ ಪುಸ್ತಕ ತಂದರು. ಯೆಹೂದ್ಯರಿಗೆ ದೇವರ ಆಯ್ಕೆ ಮೊದಲು, ನೇಮ ಆಮೇಲೆ. ನೇಮ ಇರುವುದು ಮನೆಯೊಳಗೆ ಬರುವುದಕ್ಕಲ್ಲ, ಬಂದವರು ಮನೆಯವರಾಗಿ ಬಾಳುವುದಕ್ಕೆ ಎಂದು ತೋರಿಸಿದರು.

ಇದನ್ನು ಓದಿದಾಗ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಂಟೇಸ್ವಾಮಿಗೆ ಮುಡಿ ಕೊಟ್ಟು ಯಾರೂ ಒಕ್ಕಲಾಗುವುದಿಲ್ಲ. ಒಕ್ಕಲಾದ್ದರಿಂದ ಮುಡಿ ಕೊಡುತ್ತಾರೆ. ನಮ್ಮಜ್ಜಿ ವಾರ ಹಿಡಿದು ಒಪ್ಪತ್ತು ಇರುತ್ತಿದ್ದಳು. ಅದರಿಂದ ಏನು ಸಿಗುತ್ತದೆ ಅಂತ ನಾನು ಕೇಳಿದ್ದಕ್ಕೆ, "ಸಿಕ್ಕದೇನ್ಲಾ? ನಮ್ಮಪ್ಪಾಜಿಗೆ ನಾವಲ್ದೆ ಇನ್ಯಾರ್ಲಾ ಮಾಡದು?" ಅಂದಳು. ಆ ಉತ್ತರದಲ್ಲಿ ವ್ಯಾಪಾರದ ವಾಸನೆಯೂ ಇರಲಿಲ್ಲ. ಕನ್ನಡ ಬೈಬಲ್ಲಿನಲ್ಲಿ 'ಧರ್ಮಶಾಸ್ತ್ರ' ಅಂದಿರುವುದನ್ನು ನಾನು ಕೋರ್ಟಿನ ಕಾನೂನು ಅಂತ ಓದುತ್ತಿದ್ದೆ. ಅಜ್ಜಿಯ ಒಪ್ಪತ್ತು ಅಂತ ಓದಿಕೊಂಡ ಮೇಲೆ ಪೌಲನಿಗೆ ತನ್ನ ಮನೆತನದ ಮೇಲಿದ್ದ ಪ್ರೀತಿಯೂ ಕಂಡಿತು, ಅವನ ಇಕ್ಕಟ್ಟೂ ಕಂಡಿತು.

ಅವನ 'ನಂಬಿಕೆ'ಯೂ ಹಾಗೆಯೇ. ಗ್ರೀಕಿನಲ್ಲಿ ಆ ಪದ 'ಪಿಸ್ಟಿಸ್'. ಒಂದು ಸಿದ್ಧಾಂತವನ್ನು ತಲೆಯೊಳಗೆ ಒಪ್ಪುವುದಕ್ಕಿಂತ ಹೆಚ್ಚಾಗಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಭರವಸೆ, ಉಳಿಸಿಕೊಂಡ ನಿಷ್ಠೆ ಅದರಲ್ಲಿದೆ. ನಮ್ಮ ಕಡೆ "ನಿಮ್ನೇ ನಂಬ್ಕಂಡಿವ್ನಿ ಕಣಣ್ಣ" ಅನ್ನುವಾಗ ನಂಬು ಅನ್ನುವ ಕ್ರಿಯಾಪದ ಏನು ಕೆಲಸ ಮಾಡುತ್ತದೋ ಆ ಕೆಲಸ. ಈ ಒಂದು ಪದದ ಮಟ್ಟಿಗೆ ಕನ್ನಡದವರು ಪೌಲನಿಗೆ ಹತ್ತಿರದಲ್ಲಿದ್ದೇವೆ.

ಸರಿ, ಇಕ್ಕಟ್ಟು ಏನು? ಯೆಹೂದ್ಯರು ದಿನಾ ಹೇಳುವ ಪ್ರಾರ್ಥನೆಯಲ್ಲಿ ದೇವರು ಒಬ್ಬನೇ. ಒಬ್ಬನೇ ಆದರೆ ಅವನು ಯೆಹೂದ್ಯರಿಗಷ್ಟೇ ದೇವರಾಗಿರಲು ಸಾಧ್ಯವೇ? ಕಡೆಗಾಲದಲ್ಲಿ ಬೇರೆ ಜನಾಂಗಗಳು ಕೂಡ ಬಂದು ಸೇರುತ್ತವೆ ಎಂದು ಪ್ರವಾದಿಗಳು ಹೇಳಿದ್ದರು. ಆ ಕಾಲ ಬಂದಾಯಿತು ಎನ್ನುವುದು ಪೌಲನ ಗಟ್ಟಿ ನಿಲುವು. ಬಂದವರು ಸುನ್ನತಿ ಮಾಡಿಸಿಕೊಂಡು, ಆಹಾರದ ನೇಮ ಹಿಡಿದು, ಮೊದಲು ಯೆಹೂದ್ಯರಾಗಬೇಕು ಎಂದರೆ ಬಂದು ಸೇರಿದ್ದು ಜನಾಂಗಗಳಲ್ಲ, ಮತ್ತಷ್ಟು ಯೆಹೂದ್ಯರು. ಆಗ ದೇವರು ಎಲ್ಲರವನು ಅನ್ನುವ ಮಾತೇ ಸುಳ್ಳಾಗುತ್ತದೆ. ಆದ್ದರಿಂದಲೇ ಅವನು ಅಷ್ಟು ಹಟ ಹಿಡಿದದ್ದು. ಅವರು ತಮ್ಮ ಜಾತಿ, ತಮ್ಮ ಮೈ ಹೊತ್ತುಕೊಂಡೇ ಒಳಗೆ ಬರಬೇಕು.

ಈ ಹಟ ಪರೀಕ್ಷೆಗೆ ಬಿದ್ದದ್ದು ಅಂತಿಯೋಕ್ಯದ ಊಟದಲ್ಲಿ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನೇ ಹೇಳುತ್ತಾನೆ: ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಜೆರುಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಅಲ್ಲಿಂದ ಬಂದ ಕೂಡಲೇ ಹಿಂಜರಿದು ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಪೌಲನ ಜೊತೆಗಾರ ಬಾರ್ನಬನೂ ಎದ್ದ. ಪೌಲ ಎಲ್ಲರೆದುರು ಪೇತ್ರನ ಮುಖಕ್ಕೇ ಕೇಳಿದ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಕಣ ನೆನಪಾಗುತ್ತದೆ. ರಾಗಿ ಒಕ್ಕಣೆ ದಿನ. ಕೇರಿಯಿಂದ ಬಂದ ಆಳುಗಳ ಜೊತೆ ನಮ್ಮಪ್ಪ ಹುಣಸೆಮರದ ನೆರಳಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದ. ಮುತ್ತುಗದೆಲೆ, ಅದರ ಮೇಲೆ ಮುದ್ದೆ, ನಡುವೆ ಗುಳಿ ಮಾಡಿ ಉಪ್ಸಾರು. ಊರಲ್ಲಿ ಯಾರೂ ಹಾಗೆ ಕೂರುತ್ತಿರಲಿಲ್ಲ, ಅಪ್ಪ ಕೂರುತ್ತಿದ್ದ, ನನಗೆ ಅದು ಹೆಮ್ಮೆ. ಅಷ್ಟರಲ್ಲಿ ಬದುವಿನ ಮೇಲೆ ಅವ್ವನ ಸೋದರಮಾವ ಕೊಡೆ ಹಿಡಿದು ಬರುವುದು ಕಂಡಿತು. ಅಪ್ಪ ಎದ್ದ. ಕೈ ತೊಳೆದು, ಹೊಂಗೆಮರದ ಕಡೆ ಹೋಗಿ, ಹೆಗಲ ಮೇಲಿನ ಟವಲು ಕೊಡವಿ, ಆಗ ತಾನೆ ಬಂದವನಂತೆ ನಿಂತ. ಅರ್ಧ ಮುರಿದ ಮುದ್ದೆ ಎಲೆಯ ಮೇಲೆ ಹಾಗೇ ಇತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯ ಆಳು ಆ ಎಲೆಯನ್ನು ನೋಡಿದ, ತಲೆ ಬಗ್ಗಿಸಿ ತನ್ನ ಮುದ್ದೆ ನುಂಗುತ್ತ ಹೋದ. ಒಂದು ಮಾತಾಡಲಿಲ್ಲ.

ಅಪ್ಪ ಕೆಟ್ಟವನಲ್ಲ. ಪೇತ್ರನೂ ಕೆಟ್ಟವನಲ್ಲ. ನೆಂಟಸ್ತಿಕೆಯ ಭಯ ದೊಡ್ಡದು. ಆದರೆ ಪೌಲ ನಿಂತದ್ದು ಎಲೆ ಬಿಟ್ಟೆದ್ದವರ ಕಡೆಯಲ್ಲ, ಎಲೆಯ ಮುಂದೆ ಉಳಿದವರ ಕಡೆ. ಅವನ ದೇವತಾಶಾಸ್ತ್ರದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಮನುಷ್ಯ ನೀತಿವಂತ ಅನ್ನಿಸಿಕೊಳ್ಳುವುದು ಯಾವುದರಿಂದ ಅನ್ನುವ ಅವನ ದೊಡ್ಡ ವಾದವನ್ನು ಆ ಪತ್ರಿಕೆಯಲ್ಲಿ ಅವನು ತೆಗೆಯುವುದು ಈ ಊಟದ ಕಥೆ ಹೇಳಿದ ಬೆನ್ನಿಗೇ.

ಬಾಡಿನ ವಿಚಾರಕ್ಕೆ ಬಂದರೆ ಪೌಲ ಪತ್ರಿಕೆ ಬರೆದ ಇನ್ನೊಂದು ಊರು ಕೊರಿಂಥ ನಮಗೆ ಇನ್ನೂ ಹತ್ತಿರ. ಅಲ್ಲಿ ಗುಡಿಯಲ್ಲಿ ಬಲಿ ಕೊಟ್ಟ ಪ್ರಾಣಿಯ ಮಾಂಸ ಪೇಟೆಗೂ ಬರುತ್ತಿತ್ತು. ಅನುಕೂಲಸ್ಥರು ಅದನ್ನು ಮಾಂಸ ಅಂತ ತಿನ್ನುತ್ತಿದ್ದರು. ಬಡವರಿಗೆ ಮಾಂಸ ಸಿಗುತ್ತಿದ್ದದ್ದೇ ದೇವರ ಹಬ್ಬಗಳಲ್ಲಿ, ಆದ್ದರಿಂದ ಅವರ ಮನಸ್ಸಿನಲ್ಲಿ ಮಾಂಸವೂ ದೇವರೂ ಅಂಟಿಕೊಂಡಿದ್ದವು ಎಂದು ಗೆರ್ಡ್ ಟೈಸೆನ್ ಎಂಬ ಜರ್ಮನ್ ವಿದ್ವಾಂಸರು ವಿವರಿಸಿದ್ದಾರೆ. ನನ್ನ ಬಾಲ್ಯಕ್ಕೆ ಇದು ಅಕ್ಷರಶಃ ಸರಿ. ಮಾರಿಹಬ್ಬ ಬಿಟ್ಟರೆ ಯುಗಾದಿಯ ಮಾರನೇ ದಿನದ ವರ್ಷತೊಡಕು, ಅವತ್ತು ಗುಡ್ಡೆ ಬಾಡು. ತೆಂಗಿನ ಗರಿ ಹಾಸಿ, ಕೊಯ್ದ ಮರಿಯನ್ನು ಪಾಲು ಹಾಕುವವರು ಈಲಿ, ಬೋಟಿ, ಮೂಳೆ, ಮೆದು ಎಲ್ಲವೂ ಪ್ರತಿ ಗುಡ್ಡೆಯಲ್ಲಿ ಒಂದೊಂದು ಚೂರಾದರೂ ಬೀಳುವಂತೆ ನೋಡಿಕೊಳ್ಳುತ್ತಿದ್ದರು. ತಕ್ಕಡಿ ಇರಲಿಲ್ಲ. ಕಣ್ಣಿನ ಅಳತೆ, ಆದರೆ ಒಬ್ಬನಿಗೂ ಮೋಸವಾಗುತ್ತಿರಲಿಲ್ಲ.

ಪೌಲನ ತೀರ್ಮಾನ ಮೂರು ತುಂಡು. ಪೇಟೆಯಲ್ಲಿ ಕೊಂಡದ್ದನ್ನು ಎಲ್ಲಿಯದು ಅಂತ ಕೇಳದೆ ತಿನ್ನಿ. ಇದು ನೈವೇದ್ಯದ್ದು ಅಂತ ಪಕ್ಕದವನು ಕೊರಗಿದರೆ ಅವನಿಗೋಸ್ಕರ ಬಿಡಿ. ಗುಡಿಯ ಪಂಕ್ತಿಗೆ ಮಾತ್ರ ಹೋಗಬೇಡಿ. ಮದ್ದೂರು ಸ್ಟೇಷನ್ನಿನ ವಡೆಯನ್ನು ಯಾರು ಕರಿದರು ಎಂದು ಕೇಳದೆ ರೈಲಿನಲ್ಲಿ ತಿಂದವನೇ ಊರಿಗೆ ಹೋಗಿ ಪಂಕ್ತಿಯಲ್ಲಿ ಜಾತಿ ನೋಡಿ ಕೂರುತ್ತಿದ್ದ ಕಾಲ ನಮ್ಮದು. ಕೊಂಡು ತಿನ್ನುವುದು ಬೇರೆ, ಜೊತೆ ಕೂತು ಉಣ್ಣುವುದು ಬೇರೆ ಅನ್ನುವ ಆ ವ್ಯತ್ಯಾಸ ಪೌಲನಿಗೆ ಚೆನ್ನಾಗಿ ಗೊತ್ತಿತ್ತು.

ಮೂರನೇ ತುಂಡಿನಲ್ಲಿ ಮಾತ್ರ ನನ್ನ ದಾರಿಯೂ ಅವನದೂ ಕವಲೊಡೆಯುತ್ತವೆ. ರೋಮನ್ ಪಟ್ಟಣಗಳಲ್ಲಿ ದೇವರೆಂದರೆ ಮನೆದೇವರು, ಊರದೇವರು. ಒಬ್ಬ ಬಿಟ್ಟರೆ ಊರಿಗೆಲ್ಲ ಕೇಡು ಎಂಬ ನಂಬಿಕೆ. ಯೆಹೂದ್ಯರು ಆ ದೇವರಿಗೆ ನಡೆದುಕೊಳ್ಳದಿದ್ದರೆ ಅದು ಅವರ ಹಿರೀಕರ ಪದ್ಧತಿ ಅಂತ ಬಿಟ್ಟಿದ್ದರು. ಪೌಲನ ಮಾತು ಕೇಳಿ ಬಂದವರು ಯೆಹೂದ್ಯರೂ ಆಗಲಿಲ್ಲ, ಹಳೆಯ ದೇವರಿಗೂ ಉಳಿಯಲಿಲ್ಲ. ಮಾರಿಹಬ್ಬದ ವರಿ ಕೊಡುವುದಿಲ್ಲ ಅಂದ ಮನೆಗೆ ನಮ್ಮ ಹಳ್ಳಿಯಲ್ಲಿ ಏನಾಗುತ್ತದೋ ಅವರಿಗೆ ಅದೇ ಆಯಿತು. ಅಮೆರಿಕದ ಇತಿಹಾಸಕಾರ್ತಿ ಪೌಲಾ ಫ್ರೆಡ್ರಿಕ್‌ಸನ್ ಇದನ್ನು ಒತ್ತಿ ಹೇಳುತ್ತಾರೆ. ಅಜ್ಜಿಯ ಅಪ್ಪಾಜಿಯನ್ನು ಬಿಡು ಎಂದು ಪೌಲ ಕೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಆದರೂ ಹಾಗೆ ಬಿಟ್ಟು ಬಂದು ಅತಂತ್ರರಾದವರಿಗೆ ಅವನು ಕೊಟ್ಟ ಪದ ನನ್ನನ್ನು ಕಲಕುತ್ತದೆ: ದತ್ತು.

ನಮ್ಮ ಮೈಸೂರು ಸೀಮೆಯವರಿಗೆ ದತ್ತಿನ ಬೆಲೆ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ತೆಗೆದುಕೊಂಡ ದತ್ತನ್ನು ಬ್ರಿಟಿಷರು 1867ರಲ್ಲಿ ಒಪ್ಪಿದ್ದರಿಂದಲೇ 1881ರಲ್ಲಿ ರಾಜ್ಯ ಮನೆತನಕ್ಕೆ ಮರಳಿತು. ರೋಮಿನಲ್ಲೂ ದತ್ತು ಸಿಂಹಾಸನಕ್ಕೆ ಒಂದು ದಾರಿ. ಕ್ರಿ.ಶ. 50ರಲ್ಲಿ ಕ್ಲೌಡಿಯಸ್ ದತ್ತು ತೆಗೆದುಕೊಂಡ ಹುಡುಗ ನೀರೋ, ಪೌಲ ರೋಮಾಪುರದವರಿಗೆ ಬರೆಯುವ ಹೊತ್ತಿಗೆ ಚಕ್ರವರ್ತಿ. ಆ ಊರಿನಲ್ಲಿ, ಯಾರದೋ ಹಿತ್ತಲ ಕೋಣೆಯಲ್ಲಿ ಸೇರಿದ ಗುಲಾಮರಿಗೆ, ನೀವು ದೇವರ ದತ್ತು ಮಕ್ಕಳು, ಆಸ್ತಿಗೆ ಹಕ್ಕುದಾರರು ಅಂತ ಕಾಗದ ಓದಿ ಹೇಳಿದರೆ ಅವರ ಎದೆ ಹೇಗೆ ಹೊಡೆದುಕೊಂಡಿರಬೇಕು!

ಪರದೇಶದಿಂದ ಬಂದ ಪಾದ್ರಿಗಳಿಗೂ ನಮ್ಮ ನೆಲದಲ್ಲಿ ಪೌಲನ ಪ್ರಶ್ನೆ ಎದುರಾಯಿತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಸಂನ್ಯಾಸಿಯ ವೇಷದಲ್ಲಿ ಬದುಕಿದರು, 1799ರ ನಂತರ ಬಂದ ಅಬ್ಬೆ ದುಬಾಯ್ ಇಲ್ಲಿಯವರ ಉಡುಪು ಉಟ್ಟರು. ಕ್ರಿಸ್ತನನ್ನು ಒಪ್ಪಲು ಯೂರೋಪಿನವರಾಗಬೇಕಿಲ್ಲ ಎಂದು ತೋರಿಸಿದ್ದು ಪೌಲನಿಗೆ ಒಪ್ಪಿಗೆಯಾಗುತ್ತಿತ್ತು. ಮೇಲುಜಾತಿಯ ನಡೆಯನ್ನು ಹಿಡಿದು ಒಳಗಿನ ಪಂಕ್ತಿಭೇದವನ್ನು ಸಹಿಸಿದ್ದು ಅವನಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಯಾಕೆಂದರೆ ಕೊರಿಂಥದಲ್ಲಿ ಪ್ರಭುಭೋಜನಕ್ಕೆ ಉಳ್ಳವರು ಮೊದಲೇ ಬಂದು ತಿಂದು ಕುಡಿದು, ದುಡಿದು ತಡವಾಗಿ ಬಂದವರು ಹಸಿದು ನಿಂತಾಗ, ನೀವು ಮಾಡುವುದು ಪ್ರಭುಭೋಜನವೇ ಅಲ್ಲ ಎಂದು ಅವನು ಮುಲಾಜಿಲ್ಲದೆ ಬರೆದ.

ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಬನದ ಹುಣ್ಣಿಮೆಗೆ ಅಲ್ಲಿಯ ಮಠದ ಅಪ್ಪನವರು ಹೊಳೆಯಾಚೆಯ ಚಿಕ್ಕಲ್ಲೂರಿಗೆ ಹೋಗಿ ಚಂದ್ರಮಂಡಲ ಹಚ್ಚಿದ ಮೇಲೆ ಜಾತ್ರೆ ಶುರು. ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕಲ್ಯಾಣದ ಬಾಗಿಲಲ್ಲಿ ಮಂಟೇಸ್ವಾಮಿಯನ್ನು ಒಳಗೆ ಬಿಡದೆ ತಡೆದ ಭಾಗ ಬಂದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮುಡಿಸೇವೆಯಾದ ಮೇಲೆ ಪಂಕ್ತಿಸೇವೆ. ಬಿಡಾರ ಹೂಡಿದವರು ಬಾಡಿನಡುಗೆ ಮಾಡಿ ಯಾವ ಜಾತಿಯವರೇ ಬರಲಿ ಕೂರಿಸಿ ಬಡಿಸುತ್ತಾರೆ. ಇತ್ತೀಚೆಗೆ ಪ್ರಾಣಿಬಲಿ ನಿಷೇಧದ ತಕರಾರು ಎದ್ದಾಗ ಒಕ್ಕಲಿನವರು ಹೇಳಿದ್ದು, ಇದು ಬಲಿಯಲ್ಲ, ಪಂಕ್ತಿ. ಹೋದ ಸಲ ನಾನೂ ಒಂದು ಅಪರಿಚಿತ ಬಿಡಾರದ ಮುಂದೆ ನಿಂತಿದ್ದೆ. "ಒಸಿ ಸರ್ಕಳಿ ಕಣ್ರಪ್ಪ, ಅಣ್ಣಯ್ಯ ಕೂರ್ಲಿ" ಅಂದಳು ಸೌಟು ಹಿಡಿದ ಮುದುಕಿ. ಯಾವೂರು, ಯಾರ ಪೈಕಿ ಅಂತ ಕೇಳಲಿಲ್ಲ.

ರೋಮಾಪುರದವರ ಪತ್ರಿಕೆಯ ಕೊನೆಯಲ್ಲಿ ಬಹುಪಾಲು ಹೆಸರುಗಳದೇ ಒಂದು ಅಧ್ಯಾಯವಿದೆ, ನಮ್ಮ ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ. ಎಷ್ಟೋ ಹೆಸರು ಗುಲಾಮರಿಗೆ ಇಡುತ್ತಿದ್ದವು. ಕಾಗದ ಬರೆದುಕೊಟ್ಟವನು ತೆರ್ತ್ಯ. ಲ್ಯಾಟಿನ್ನಿನಲ್ಲಿ ಮೂರನೆಯವನು ಎಂದರ್ಥ. ಗಾಯನಿಗೆ ಎಲ್ಲರನ್ನೂ ಉಪಚರಿಸುವಷ್ಟು ಮನೆಯಿದೆ, ಎರಸ್ತನಿಗೆ ಪಟ್ಟಣದ ಖಜಾನೆಯ ಹುದ್ದೆಯಿದೆ. ಅವರ ಪಕ್ಕದಲ್ಲೇ ಕ್ವರ್ತ, ನಾಲ್ಕನೆಯವನು. ಅವನ ಹೆಸರಿನ ಜೊತೆ ಇರುವುದು ಸಹೋದರ ಅನ್ನುವ ಒಂದೇ ಮಾತು.

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ತೆಗೆದು, ಕಣದಲ್ಲಿ ಅಪ್ಪನ ಪಕ್ಕ ಕೂತಿದ್ದ ಆ ಆಳಿನ ಹೆಸರು ಹುಡುಕಿದೆ. ಕೊನೆಯ ಹಾಳೆಯಲ್ಲಿತ್ತು, ಅಪ್ಪನ ಕೈಬರಹದಲ್ಲಿ. ಎರಡು ರೂಪಾಯಿ, ಒಂದು ಸೇರು ರಾಗಿ. ಉಳಿದವರಿಗೆಲ್ಲ ತಂದೆಯ ಹೆಸರಿದೆ, ಅಣ್ಣ, ಮಾವ ಅಂತ ವರಸೆಯಿದೆ. ಅವನ ಹೆಸರಿನ ಮುಂದೆ ಅಪ್ಪ ಬರೆದದ್ದು 'ಕೇರಿ' ಅಂತ.