ಕಾವಲೂರಿನ ಬೆಟ್ಟದಲ್ಲಿ ಐದು ನಿಮಿಷದ ಲೆಕ್ಕ

ಅಕ್ಟೋಬರ್‌ನ ಒಂದು ಶನಿವಾರ, ಊರಿಂದ ಬಂದಿದ್ದ ಅಪ್ಪನನ್ನು ಕರ್ಕೊಂಡು ವಾಣಿಯಂಬಾಡಿ ದಾಟಿ, ಜವ್ವಾದಿ ಬೆಟ್ಟ ಹತ್ತಿ ಕಾವಲೂರಿಗೆ ಹೋದೆ. ಅಪ್ಪನಿಗೆ ಹಿಡಿಸಿದ್ದು ದೊಡ್ಡ ಗುಮ್ಮಟ. ಒಳಗಿರೋದು 1986ರ 2.34 ಮೀಟರ್ ದೂರದರ್ಶಕ.

ಕತ್ತಲಾದ ಮೇಲೆ ವಾಯವ್ಯದಲ್ಲಿ ಅಭಿಜಿತ್ ತೋರಿಸಿದೆ. ಅದೇ ಲೈರಾ ಪುಂಜದಲ್ಲಿ ಕೆಪ್ಲರ್-19 ಇದೆ, ಬರಿಗಣ್ಣಿಗೆ ಕಾಣಲ್ಲ. ಅದರ ಒಂದು ಗ್ರಹ ಒಂಬತ್ತು ದಿನ ಏಳು ಗಂಟೆಗೊಮ್ಮೆ ನಕ್ಷತ್ರದ ಮುಂದೆ ಹಾದುಹೋಗುತ್ತೆ, ಆಗ ಬೆಳಕು ಒಂಚೂರು ಕುಗ್ಗುತ್ತೆ. ಒಂಟಿ ಗ್ರಹವಾಗಿದ್ರೆ ಗಡಿಯಾರದ ಹಾಗೆ ಬರಬೇಕು. ಇದು ಕೆಲವು ಸಲ ಐದು ನಿಮಿಷ ಮುಂಚೆ, ಕೆಲವು ಸಲ ಐದು ನಿಮಿಷ ತಡ. ಕಾಣದ ಇನ್ನೊಂದು ಗ್ರಹ ಎಳೀತಿದೆ ಅಂತ ವಿಜ್ಞಾನಿಗಳು 2011ರಲ್ಲಿ ಹೇಳಿದರು.

“ಕಾಣದ್ದನ್ನ ಇದೆ ಅಂತ ಹೇಗಮ್ಮಾ ನಂಬೋದು?” ಅಂದ ಅಪ್ಪ, ಸ್ವಲ್ಪ ಹೊತ್ತು ಬಿಟ್ಟು ತಾವೇ ಹೇಳಿದರು: “ರಾತ್ರಿ ಎಂಟರ ನಿನ್ನ ಫೋನ್ ತಡವಾದ್ರೆ ನಿಮ್ಮಮ್ಮ ಏನೋ ಆಗಿದೆ ಅಂತಾಳೆ. ಏನು ಅಂತ ಮಾತ್ರ ಗೊತ್ತಾಗಲ್ಲ.”

ಈ ವಿಧಾನದ ಕಷ್ಟವೂ ಅದೇ! ಒಂದೇ ಏರುಪೇರಿಗೆ ಬೇರೆಬೇರೆ ತೂಕ, ಬೇರೆಬೇರೆ ಕಕ್ಷೆಯ ಗ್ರಹಗಳು ಕಾರಣವಾಗಬಹುದು. ನಕ್ಷತ್ರದ ಓಲಾಟವನ್ನೂ ಅಳೆದು ಸೇರಿಸಿದ ಮೇಲೆ, 2017ರಲ್ಲಿ, ಆ ಗ್ರಹದ ಲೆಕ್ಕ ಸಿಕ್ಕಿತು: ಒಂದು ಸುತ್ತಿಗೆ 28.7 ದಿನ, ತೂಕ ಭೂಮಿಯ ಸುಮಾರು 13 ಪಟ್ಟು. ಜೊತೆಗೆ ಮೂರನೆಯ ಗ್ರಹವೊಂದೂ!

ಅಷ್ಟರಲ್ಲಿ ಮೋಡ ಮುಚ್ಚಿತು. ಅಪ್ಪ ವಾಚ್ ನೋಡಿದ್ರು, ಎಂಟು ಗಂಟೆ ಏಳು ನಿಮಿಷ. “ಮೊದಲು ಅಮ್ಮನಿಗೆ ಫೋನ್ ಮಾಡು” ಅಂದ್ರು.