ಕುಂಡೆಕುಸ್ಕ ಬಂತು

ನಿನ್ನೆ ಬೆಳಿಗ್ಗೆ ಬಿದ್ದ ಸೋಗೆ ಎಳೆಯಲಿಕ್ಕೆ ತೋಟಕ್ಕೆ ಇಳಿದಿದ್ದೆ. ತೋಡಿನ ಕಡೆಯಿಂದ ‘ಚಿಟ್-ಚಿಟ್’ ಕೇಳಿತು. ನೋಡದೆಯೇ ಗೊತ್ತಾಯ್ತು, ಕುಂಡೆಕುಸ್ಕ. ಇಲ್ಲಿ ಕುಡುಪು ಬದಿಯಲ್ಲಿ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ, ಮಳೆ ಸ್ವಲ್ಪ ಬಿಟ್ಟ ಕೂಡಲೇ, ಬಟ್ಟೆ ಒಗೆಯುವ ಅದೇ ಕಲ್ಲಿನ ಮೇಲೆ ಹಾಜರ್.

ಪುಸ್ತಕದ ಹೆಸರು ಬೂದು ಸಿಪಿಲೆ. ಉದ್ದ 18-19 ಸೆಂ.ಮೀ., ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬಾಲವೇ. ತೂಕ ಎರಡು ಚಾಲಿ ಅಡಿಕೆಯಷ್ಟು. ಬೆನ್ನು ಬೂದು, ಹುಬ್ಬು ಬಿಳಿ, ಬಾಲದ ಬುಡದಡಿ ಅರಸಿನ ಮೆತ್ತಿದ ಹಾಗೆ ಹಳದಿ. ನಿಂತಲ್ಲಿ ನಿಲ್ಲದೆ ಬಾಲ ಮೇಲೆ ಕೆಳಗೆ. (ಅಡಿಕೆ ಬುಡದಲ್ಲಿ ಬಾಲವನ್ನು ಅಡ್ಡಕ್ಕೆ ಆಡಿಸುವ ಒಂದು ಉಂಟಲ್ಲ, ಎದೆಗೆ ಎರಡು ಕಪ್ಪು ಪಟ್ಟಿಯದ್ದು? ಅದು ಕಾಡು ಸಿಪಿಲೆ, ಬೇರೆ.) ಇದು ಮರಿ ಮಾಡುವುದು ಹಿಮಾಲಯದ ತೊರೆಗಳ ಬದಿ, ಅದರಾಚೆ ಸೈಬೀರಿಯಾದವರೆಗೂ. ಏಪ್ರಿಲಿನೊಳಗೆ ವಾಪಸ್. ಹೊರಡುವ ಹೊತ್ತಿಗೆ ಗಂಡಿನ ಬಿಳಿ ಗಂಟಲು ಕಪ್ಪಾಗಲಿಕ್ಕೆ ಶುರುವಾಗ್ತದೆ.

ಇಲ್ಲಿದ್ದಷ್ಟು ದಿನ ಒಂಟಿ. ನಮ್ಮ ತೋಡಿನ ತುಂಡು ತನ್ನದೇ ವರ್ಗದ ಜಾಗ ಅಂತ ಅದರ ಲೆಕ್ಕ, ಇನ್ನೊಂದು ಬಂದರೆ ಓಡಿಸ್ತದೆ. ಒದ್ದೆ ಕಲ್ಲು, ಮರಳಿನ ಮೇಲೆ ಓಡಿ ಓಡಿ ನೊಣ, ಹುಳ ಹೆಕ್ಕುವುದೇ ಕೆಲಸ.

ಈ ಸಲ ಅದನ್ನು ಕಂಡು ಹೊಟ್ಟೆಯೊಳಗೆ ಎಂತದ್ದೋ ಆಯ್ತು. ತೋಡಿನ ಎರಡೂ ಬದಿ ಕಾಂಕ್ರೀಟು ಕಟ್ಟಿ, ಮೇಲೆ ಉದ್ದಕ್ಕೂ ಸ್ಲ್ಯಾಬ್ ಹಾಕಿ ರಸ್ತೆ ಮಾಡ್ತಾರಂತೆ. ನನ್ನ ಸಹಿ ಬೇಕು. ಬೇಡ ಅನ್ನುವುದು ಸುಲಭ ಇಲ್ಲ ಮಾರಾಯ್ರೇ. ಆಟಿ ತಿಂಗಳ ಮಳೆಯಲ್ಲಿ ಮೇಲಿನ ಮನೆಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಸಂಕ ದಾಟಿಸಿದವರಲ್ಲಿ ನಾನೂ ಒಬ್ಬ. ಆಂಬ್ಯುಲೆನ್ಸ್ ಆಚೆ ನಿಂತಿತ್ತು. ಸಂಕದ ಮೇಲೆ ಕಾಲು ಜಾರಿದ್ದು ನನ್ನದೇ. ಪುಣ್ಯಕ್ಕೆ ಉಳಿದವರು ಕುರ್ಚಿ ಬಿಡಲಿಲ್ಲ.

ರಸ್ತೆ ಬೇಕು. ಆದರೆ ಸ್ಲ್ಯಾಬಿನಡಿಯ ಕತ್ತಲೆಯಲ್ಲಿ ಈ ಹಕ್ಕಿಗೆ ಎಂತ ಸಿಗ್ತದೆ? ಮುಂದಿನ ಸೆಪ್ಟೆಂಬರಿನಲ್ಲಿ ಅಷ್ಟು ದೂರದಿಂದ ಬಂದು ಕಲ್ಲು ಹುಡುಕಿದರೆ?

ನಿನ್ನೆ ಸಂಜೆ ಹಗ್ಗ ಹಿಡಿದು ಅಳೆದೆ. ಸಂಕ ಇದ್ದಲ್ಲಿ ಮಾತ್ರ ಮೋರಿ ಹಾಕಿ, ಅಲ್ಲಿಂದ ರಸ್ತೆಯನ್ನು ನನ್ನ ದರೆಯ ಬದಿಗೆ ತಿರುಗಿಸಿದರೆ ತೋಡು ಹಾಗೇ ಉಳೀತದೆ. ನನ್ನ ಎರಡು ಸಾಲು ಅಡಿಕೆ ಹೋಗ್ತದೆ, 42 ಮರ. ಎಲ್ಲ ಫಲ ಬರುವಂಥದ್ದು. ಮನೆಯಲ್ಲಿ ಇನ್ನೂ ಹೇಳಿಲ್ಲ, ಇದನ್ನು ಓದಿಯೇ ಗೊತ್ತಾಗ್ತದೋ ಏನೋ.

ಸೋಮವಾರ ಅಳತೆಗೆ ಬರ್ತಾರೆ. ನಿಮ್ಮಲ್ಲಿ ಯಾರಾದರೂ ಹೀಗೆ ಮೋರಿ ಮಾತ್ರ ಹಾಕಿಸಿದ್ದರೆ ತಿಳಿಸಿ. ಎಷ್ಟು ಅಗಲ ಬಿಟ್ಟಿರಿ? ಜೋರು ಮಳೆಗೆ ನೀರು ಹಿಂದೆ ತೋಟಕ್ಕೆ ನುಗ್ಗಿತಾ?